ನೀರಲ್ಲಿ ದಾರ ಬಿಡದ ಕಳ್ಳ

“ಸಾಕು ಬನ್ನಿ ಅಕ್ಕಾ. ಅಲ್ಲಿ ಏನೂ ಇಲ್ಲ.”

“ಏನೂ ಇಲ್ಲ ಅನ್ನೋದನ್ನೇ ನೋಡ್ತಾ ಇದೀನಿ. ನೀವು ಸ್ವಲ್ಪ ಸುಮ್ಮನಿರಿ ಟೀಚರ್.”

ದಫೇದಾರಮ್ಮ ಸೊಂಟದ ಮಟ್ಟದ ನೀರಿನಲ್ಲಿ ಬಗ್ಗಿ ನಿಂತಿದ್ದರು. ಪೊಲೀಸ್ ಕೆಲಸದಿಂದ ನಿವೃತ್ತರಾಗಿ ಆರು ವರ್ಷ ಕಳೆದಿದ್ದರೂ ನೀರಿಗಿಳಿಯುವಾಗ ತೊಡುವುದು ಅದೇ ಹಳೆಯ ಖಾಕಿ ಪ್ಯಾಂಟು. ತಳಕ್ಕೆ ಗಾಜು ಕೂರಿಸಿದ ಬಕೆಟ್ಟನ್ನು ನೀರಿನ ಮೇಲೆ ಒತ್ತಿ ಹಿಡಿದು, ಅದರೊಳಗೆ ಮುಖ ತೂರಿಸಿ ಅರ್ಧ ಗಂಟೆಯಾಗಿತ್ತು. ಹಾಗೆ ನೋಡಿದರೆ ಮೇಲಿನ ಮಿನುಗು ಕಣ್ಣಿಗೆ ಹೊಡೆಯುವುದಿಲ್ಲ, ತಳ ಅಂಗೈಯಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಕಾಣುತ್ತಿದ್ದುದು ಆರು ಕಬ್ಬಿಣದ ಚೌಕಟ್ಟುಗಳು. ಒಂದೊಂದೂ ಮಗುವಿನ ಮಂಚದಷ್ಟು. ಒಂದೊಂದರ ಮೇಲೂ ಎಂಟೆಂಟು ಹವಳದ ತುಂಡುಗಳನ್ನು ನೀಲಿ ನೈಲಾನ್ ದಾರದಿಂದ ಕಟ್ಟಿ, ಎರಡು ವರ್ಷ ಸಸಿಗಳ ಹಾಗೆ ಸಾಕಿದವಳು ಟೀಚರ್. ಸಮುದ್ರದ ಓದು ಓದಿ ಬಂದ ಹುಡುಗಿ; ಶಾಲೆಯ ಮಕ್ಕಳನ್ನು ಕೂರಿಸಿಕೊಂಡು ಹವಳದ ಪಾಠ ಹೇಳುತ್ತಿದ್ದುದರಿಂದ ಊರಿಗೆಲ್ಲ ಟೀಚರ್ ಆಗಿದ್ದಳು. ಕಳೆದ ವಾರ ಮೂರು ದಿನ ಪಟ್ಟಣಕ್ಕೆ ಹೋಗಿ, ಶನಿವಾರ ಬೆಳಿಗ್ಗೆ ಬಂದು ನೋಡಿದರೆ ನಲವತ್ತೆಂಟು ಸಸಿಗಳಲ್ಲಿ ಒಂದೂ ಇರಲಿಲ್ಲ.

ಇವತ್ತು ಮಂಗಳವಾರ. ಗುರುವಾರ ಸರ್ಕಾರದಿಂದ ಹವಳದ ಎಣಿಕೆಯವರು ಬರುತ್ತಾರೆ.

ಊರಿನ ಮುಂದೆ ಸಮುದ್ರಕ್ಕೆ ಅಡ್ಡಲಾಗಿ ಮಲಗಿರುವ ಹವಳದ ದಿಬ್ಬವನ್ನು ಒಡೆದು, ದೊಡ್ಡ ಹಡಗುಗಳಿಗೆ ದಾರಿ ಮಾಡಬೇಕೆಂದು ಬಂದರು ಕಚೇರಿ ಎರಡು ವರ್ಷದಿಂದ ಹಟ ಹಿಡಿದಿತ್ತು. ನೆಟ್ಟ ಹವಳದಲ್ಲಿ ನಲವತ್ತಾದರೂ ಬದುಕಿದ್ದರೆ, ದಿಬ್ಬಕ್ಕೆ ಇನ್ನೂ ಜೀವವಿದೆ ಎಂದು ಬರೆದುಕೊಂಡು ಅದನ್ನು ಯಾರೂ ಮುಟ್ಟದ ಹಾಗೆ ಕಾಯ್ದಿಡುತ್ತಾರೆ. ಇಲ್ಲವಾದರೆ ಒಡೆಯುತ್ತಾರೆ. ಒಡೆದ ಮೇಲೆ ಊರು ಎಷ್ಟು ಮಳೆಗಾಲ ಉಳಿಯುತ್ತದೆ ಎಂಬುದನ್ನು ಯಾವ ಕಾಗದದಲ್ಲೂ ಬರೆದಿರಲಿಲ್ಲ.

“ಟೀಚರ್, ಒಂದು ಸಸಿಗೆ ಎಷ್ಟು ಕಟ್ಟು ಹಾಕಿದ್ರಿ?”

“ಎರಡು. ಬುಡಕ್ಕೊಂದು, ನಡುವಿಗೊಂದು.”

“ಅಲ್ಲಿಗೆ ತೊಂಬತ್ತಾರು ಕಟ್ಟು ಕುಯ್ದಿದಾನೆ. ದಾರ ಎಲ್ಲಿ?”

“ಕೊಚ್ಚಿಕೊಂಡು ಹೋಗಿರುತ್ತೆ.”

ದಫೇದಾರಮ್ಮ ಬಕೆಟ್ಟಿನಿಂದ ಮುಖ ತೆಗೆದು, ಉಸಿರು ಕಟ್ಟಿ ಮುಳುಗಿ, ಎದ್ದು ಬಂದು ಕೈ ಚಾಚಿದರು. ಅಂಗೈಯಲ್ಲಿ ಒಂದು ಪೆನ್ನು.

“ಹೋದ ತಿಂಗಳು ಬೀಳಿಸಿಕೊಂಡೆ ಅಂತ ಪೇಚಾಡ್ತಿದ್ರಲ್ಲ, ಇದೇ ತಾನೇ? ಬಿದ್ದ ಜಾಗದಲ್ಲೇ ಇತ್ತು. ಹೊರಗಡೆ ಎಷ್ಟು ದೊಡ್ಡ ತೆರೆ ಬಂದ್ರೂ ದಿಬ್ಬ ತಡ್ಕೊಳ್ಳುತ್ತೆ. ಒಳಗಡೆ ನೀರು ಕೊಳದ ಹಾಗೆ. ಪೆನ್ನು ಹೋಗದ ಕಡೆ ದಾರ ಎಲ್ಲಿಗೆ ಹೋಗುತ್ತೆ?”

ಟೀಚರ್ ಪೆನ್ನನ್ನು ನೋಡುತ್ತಾ ನಿಂತಳು. ಮೂರು ದಿನದಿಂದ ಸರಿಯಾಗಿ ಊಟ ಮಾಡದ ಮುಖ.

“ಬಣ್ಣದ ಮೀನಿನವನದೇ ಕೆಲಸ ಅಕ್ಕಾ. ಅವನ ಅಂಗಡಿಲಿ ಹವಳ ಇದೆ, ನಾನೇ ಕಂಡಿದೀನಿ.”

“ಇರಲಿ. ಮೊದಲು ನೀವು ಏನಾದ್ರೂ ತಿನ್ನಿ. ಹಸಿದವರು ಹೇಳೋ ಹೆಸರನ್ನ ನಾನು ಬರೆದುಕೊಳ್ಳಲ್ಲ.”

ದಡದಲ್ಲಿ ದಫೇದಾರಮ್ಮನವರ ಗಂಡ ಟವೆಲ್ ಹಿಡಿದು ನಿಂತಿದ್ದರು. ದೋಣಿಗಳ ಇಂಜಿನ್ ರಿಪೇರಿಯವರು, ಎಲ್ಲರಿಗೂ ಮೇಸ್ತ್ರಿ. ಮೂವತ್ತು ವರ್ಷದಿಂದ ಹೆಂಡತಿ ಎಲ್ಲಿ ನೆನೆದರೂ ಟವೆಲ್ ಹಿಡಿದು ನಿಲ್ಲುವುದು ಅವರ ಎರಡನೆಯ ಕಸುಬು.

“ಏನಂತಾನೆ ಕಳ್ಳ?”

“ಏನೂ ಅನ್ನದೇ ಹೋಗಿದಾನೆ. ರೀ, ತಲೆ ನಾನೇ ಒರೆಸಿಕೊಳ್ತೀನಿ, ಟೀಚರ್ ನೋಡ್ತಿದಾಳೆ.”

“ನೋಡಲಿ ಬಿಡು. ಮುಂದೆ ಅವಳಿಗೂ ಉಪಯೋಗಕ್ಕೆ ಬರುತ್ತೆ.”

ಟೀಚರ್ ಮೂರು ದಿನದಲ್ಲಿ ಮೊದಲ ಸಲ ನಕ್ಕಳು.

* * *

ಬಣ್ಣದ ಮೀನಿನವನ ಅಂಗಡಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿತ್ತು. ನಾಲ್ಕೂ ಗೋಡೆಗೆ ಗಾಜಿನ ತೊಟ್ಟಿಗಳು, ಒಳಗೆ ಗುಳುಗುಳು ಗಾಳಿ. ಮನೆಯಲ್ಲಿ ಮೀನು ಸಾಕುವವರಿಗೆ ಅವನು ಮೀನನ್ನು ಪ್ಲಾಸ್ಟಿಕ್ ಚೀಲದಲ್ಲಿ ನೀರು ಸಮೇತ ಕಟ್ಟಿ ಕೊಡುತ್ತಿದ್ದ.

“ಅಮ್ಮಾ, ನಾನು ಒಳ್ಳೆಯವನು ಅಂತ ಹೇಳಲ್ಲ,” ಎಂದ. “ಆದ್ರೆ ಈ ಕಳ್ಳತನ ನನ್ನದಲ್ಲ.”

“ತೊಟ್ಟಿಲಿರೋ ಹವಳ?”

“ಸಿಮೆಂಟು. ಬಣ್ಣ ಬಳಿದಿರೋದು. ಬೇಕಿದ್ರೆ ಉಗುರಲ್ಲಿ ಕೆರೆದು ನೋಡಿ, ಜೋರಾಗಿ ಬೇಡ.”

ಕೆರೆದರು. ಉಗುರಿನ ತುಂಬ ಗುಲಾಬಿ ಬಣ್ಣ.

“ಇನ್ನೊಂದು ವಿಷಯ.” ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ನಂಗೆ ಈಜು ಬರಲ್ಲ. ಮೊಣಕಾಲು ದಾಟಿದ್ರೆ ತಲೆ ಸುತ್ತುತ್ತೆ. ದಯವಿಟ್ಟು ಎಲ್ಲೂ ಹೇಳಬೇಡಿ. ಮೀನು ಮಾರೋನ ಮರ್ಯಾದೆ ಪ್ರಶ್ನೆ.”

ದಫೇದಾರಮ್ಮ ಅವನ ಮಾತನ್ನು ಅರ್ಧ ಕಿವಿಯಲ್ಲಿ ಕೇಳುತ್ತಿದ್ದರು. ಅವರು ನೋಡುತ್ತಿದ್ದುದು ಅವನ ಸ್ಟೂಲಿನ ಕೆಳಗೆ. ಚೀಲ ಕಟ್ಟಿ ಮಿಕ್ಕ ದಾರದ ತುಂಡುಗಳು, ಹರಿದ ರಬ್ಬರ್ ಬ್ಯಾಂಡುಗಳು ಹಕ್ಕಿಗೂಡಿನ ಹಾಗೆ ಗುಡ್ಡೆ ಬಿದ್ದಿದ್ದವು. ಈತ ಕುಯ್ದ ದಾರವನ್ನು ಕಾಲ ಬುಡದಲ್ಲೇ ಬಿಟ್ಟು ಮರೆಯುವ ಮನುಷ್ಯ.

ಕುಯ್ದ ದಾರವನ್ನು ನೀರಿನಲ್ಲಿ ಬಿಡದವರು ಯಾರು?

ಹಿಂದೆ ಈ ಊರಿನ ಮುಳುಗುಗಾರರಿಗೆ ಒಂದು ಅಭ್ಯಾಸವಿತ್ತು. ದಾರ ಕಂಡರೆ ಆಮೆ ಅದನ್ನು ತಿಂದು ಸಾಯುತ್ತದೆ, ಇಲ್ಲವೇ ಕುತ್ತಿಗೆಗೆ ಸುತ್ತಿಕೊಂಡು ಸಾಯುತ್ತದೆ. ಅದಕ್ಕೆ ನೀರೊಳಗೆ ಬಲೆ ಕುಯ್ಯುವಾಗ, ಎರಡು ಕೈಗೂ ಕೆಲಸವಿರುವುದರಿಂದ, ತುಂಡುಗಳನ್ನು ಬಾಯಲ್ಲಿಟ್ಟುಕೊಂಡು ಮೇಲೆ ಬರುತ್ತಿದ್ದರು. ಹಾಗೆ ಮಾಡುವವರಲ್ಲಿ ಈಗ ಬದುಕಿ ಉಳಿದವರು ಒಬ್ಬರೇ.

ಓಣಿ ದಾಟುವಷ್ಟರಲ್ಲಿ ದಫೇದಾರಮ್ಮನವರ ನಡಿಗೆ ನಿಧಾನವಾಯಿತು. ಅಪ್ಪನಿಲ್ಲದ ತಮ್ಮನ್ನು ಚಿಕ್ಕಂದಿನಲ್ಲಿ ಹೆಗಲ ಮೇಲೆ ಕೂರಿಸಿಕೊಂಡು ಈಜು ಕಲಿಸಿದ ದೊಡ್ಡಪ್ಪನ ಮನೆಗೆ, ಕಳ್ಳನನ್ನು ಹುಡುಕಿಕೊಂಡು ಹೋಗುವ ಕಾಲುಗಳಿಗೆ ಅವಸರವಿರಲಿಲ್ಲ.

* * *

“ಬಾರೇ, ಅಂತೂ ನೆನಪಾಯ್ತಲ್ಲ ಈ ಮನೆ,” ಎಂದರು ದೊಡ್ಡಮ್ಮ, ಅಂಗಳದಲ್ಲಿ ಒಣಹಾಕಿದ್ದ ಬಟ್ಟೆ ಮಡಿಸುತ್ತಾ. “ನಿಮ್ಮ ದೊಡ್ಡಪ್ಪಂಗೆ ಈಗ ಬುದ್ಧಿ ಬಂದಿದೆ ನೋಡು. ಹುರುಳಿಕಾಯಿ ಬಳ್ಳಿ ಹಬ್ಬೋಕೆ ದಾರ ಕಟ್ಟಿಕೊಡಿ ಅಂತ ಒಂದು ತಿಂಗಳಿಂದ ಬಾಯಿ ಬಡ್ಕೊಂಡೆ. ಭಾನುವಾರ ತಾವಾಗೇ ಕಟ್ಟಿದಾರೆ. ನೋಡಿದ್ಯಾ, ಎಷ್ಟು ಚೆಂದ ಇದೆ.”

ಚೆಂದವಿತ್ತು. ಬೇಲಿಯಿಂದ ಸೂರಿನವರೆಗೆ ಆರು ಸಾಲು ದಾರ. ನೀಲಿ ನೈಲಾನ್. ಗೇಣುದ್ದದ ತುಂಡುಗಳನ್ನು ಒಂದಕ್ಕೊಂದು ಗಂಟು ಹಾಕಿ ಉದ್ದ ಮಾಡಿದ್ದು. ಗಂಟುಗಳು ಎಷ್ಟು ಸಣ್ಣಗಿದ್ದವೆಂದರೆ ಬಳ್ಳಿಯ ಕುಡಿ ಆಗಲೇ ಅವನ್ನು ಮೆಟ್ಟಿಲು ಮಾಡಿಕೊಂಡು ಹತ್ತುತ್ತಿತ್ತು.

ದಫೇದಾರಮ್ಮ ಬಳ್ಳಿಯ ಮುಂದೆ ನಿಂತು ತುಟಿಯಾಡಿಸದೆ ಎಣಿಸಿದರು. ದೊಡ್ಡಮ್ಮ ಬಟ್ಟೆ ಎತ್ತಿಕೊಂಡು ಒಳಗೆ ಹೋದರು.

ದೊಡ್ಡಪ್ಪ ಮರದ ನೆರಳಿನಲ್ಲಿ ಕೂತು ಹರಿದ ಬಲೆ ಹೆಣೆಯುತ್ತಿದ್ದರು. ಎಪ್ಪತ್ತೆರಡು ವರ್ಷ. ಒಂದು ಕಾಲದಲ್ಲಿ ಮೂರಾಳು ನೀರಿಗೆ ಇಳಿದು, ಮೇಲಿದ್ದವರು ಗಾಬರಿಯಾಗುವಷ್ಟು ಹೊತ್ತು ಇದ್ದು, ನಗುತ್ತಾ ಬರುತ್ತಿದ್ದವರು. ಊರಿಗೆ ಅವರು ಮುಳುಗಜ್ಜ. ಕಿವಿಯ ತಮಟೆ ತೂತಾಗಿದೆ, ಇನ್ನು ಮುಳುಗಕೂಡದು ಎಂದು ಡಾಕ್ಟರು ಹೇಳಿ ಒಂದು ವರ್ಷವಾಗಿತ್ತು.

“ದೊಡ್ಡಪ್ಪಾ, ಆ ದಾರ ಎಲ್ಲಿಂದ ಬಂತು?”

“ಈ ಕಡೆ ಬಂದು ಕೂತ್ಕೋ. ಆ ಕಿವಿ ರಜೆ ಮೇಲಿದೆ.”

ದಫೇದಾರಮ್ಮ ಬಲಗಡೆಗೆ ಬಂದು ಕೂತರು.

“ಬಳ್ಳಿಗೆ ಕಟ್ಟಿದ ದಾರ.”

“ಬಲೆದು.”

“ನಿನ್ನ ಬಲೆ ಬಿಳಿ.”

ಹೆಣೆಯುವ ಸೂಜಿ ಎರಡು ಕಣ್ಣು ಮುಂದೆ ಹೋಯಿತು. ಮೂರನೆಯದಕ್ಕೆ ನಿಂತಿತು.

“ನಿಂಗೆ ಕಣ್ಣು ಚುರುಕು ಅಂತ ಪೊಲೀಸಿಗೆ ಸೇರಿಸಿದ್ದೇ ತಪ್ಪಾಯ್ತು,” ಎಂದರು ದೊಡ್ಡಪ್ಪ.

“ತೊಂಬತ್ತಾರು ಕಟ್ಟು, ತೊಂಬತ್ತಾರು ತುಂಡು. ಎಲ್ಲಾನೂ ತಂದು ಬಳ್ಳಿಗೆ ಕಟ್ಟಿದೀಯ. ಕದ್ದ ಮಾಲನ್ನ ಅಂಗಳದಲ್ಲಿ ಒಣಗಿಸಿಡೋ ಕಳ್ಳನ್ನ ನನ್ನ ಸರ್ವೀಸಲ್ಲೇ ನೋಡಿರ್ಲಿಲ್ಲ.”

“ತೊಂಬತ್ತೈದು. ಸರಿಯಾಗಿ ಎಣಿಸು. ಒಂದನ್ನ ನುಂಗಿಬಿಟ್ಟೆ.”

ನಗಬಾರದೆಂದು ದಫೇದಾರಮ್ಮ ಸಮುದ್ರದ ಕಡೆ ನೋಡಿದರು. ಅಲ್ಲಿ ದೂರದಲ್ಲಿ, ದಿಬ್ಬದ ಉದ್ದಕ್ಕೂ, ತೆರೆಗಳು ಬಿಳಿಯ ಗೆರೆಯಾಗಿ ಮುರಿದು ಬೀಳುತ್ತಿದ್ದವು. ಈಚೆಗೆ ಒಂದೂ ಬರುತ್ತಿರಲಿಲ್ಲ.

“ಅವು ಎಲ್ಲಿವೆ ದೊಡ್ಡಪ್ಪಾ? ಇವೆಯಾ, ಇಲ್ವಾ, ಅದನ್ನ ಹೇಳು ಮೊದಲು.”

“ಇವೆ. ಚೆನ್ನಾಗೇ ಇವೆ.”

ದಫೇದಾರಮ್ಮ ಕಾಲು ಚಾಚಿ ಮರಕ್ಕೆ ಒರಗಿ ಕೂತರು.

“ಎರಡು ವಾರದ ಹಿಂದೆ ನೀರಿಗೆ ಕಾಲಿಟ್ಟೆ,” ಎಂದರು ದೊಡ್ಡಪ್ಪ. “ಜ್ವರ ಬಂದ ಮಗು ಹಣೆ ಮುಟ್ಟಿದ ಹಾಗಾಯ್ತು. ಬಗ್ಗಿ ನೋಡಿದ್ರೆ ಸಸಿಗಳ ತುದಿ ಬಿಳುಚಿಕೊಳ್ತಾ ಇದೆ. ಹವಳದ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬಾಡಿಗೆಗಿರುತ್ತಂತೆ. ಬಾಡಿಗೆ ಬದಲು ಊಟ ಹಾಕುತ್ತಂತೆ. ನೀರು ಕಾದ್ರೆ ಇಬ್ಬರಿಗೂ ಜಗಳ, ಪಾಚಿ ಮನೆ ಬಿಟ್ಟು ಹೋಗುತ್ತೆ, ಹವಳ ಹಸ್ಕೊಂಡು ಬೆಳ್ಳಗಾಗುತ್ತೆ. ಇದೆಲ್ಲ ಆ ಹುಡುಗಿನೇ ಹೇಳಿಕೊಟ್ಟಿದ್ದು. ನಾನು ನೋಡಿದ್ದೆ, ಕಾರಣ ಗೊತ್ತಿರ್ಲಿಲ್ಲ.”

“ಮತ್ತೆ ಅವಳಿಗೇ ಹೇಳೋದಲ್ವಾ?”

“ಹೇಳಿದೆ. ಎಣಿಕೆ ಮುಗಿಯೋವರೆಗೂ ಯಾರೂ ಮುಟ್ಟಬಾರದು ಅಂತ ನಿಯಮದಲ್ಲಿ ಬರೆದಿದೆ ಅಜ್ಜಾ ಅಂದ್ಲು. ಮಗು ಅದು, ಓದಿರೋದನ್ನ ಹೇಳಿತು. ಅದರದು ತಪ್ಪಿಲ್ಲ. ಆದ್ರೆ ಹವಳಕ್ಕೆ ಓದಕ್ಕೆ ಬರಲ್ಲವಲ್ಲ.”

“ಅದಕ್ಕೆ ಅವಳು ಪಟ್ಟಣಕ್ಕೆ ಹೋದಾಗ ಎತ್ತಿಬಿಟ್ಟೆ.”

“ಮೂರು ಮಧ್ಯಾಹ್ನ. ಊರೆಲ್ಲ ಉಂಡು ಮಲಗಿರೋ ಹೊತ್ತು. ದೋಣಿಲಿ ದೊಡ್ಡ ಬೋಗುಣಿಗೆ ಸಮುದ್ರದ ನೀರು ತುಂಬಿ, ಸಸಿಗಳನ್ನ ಅದರಲ್ಲಿಟ್ಟು, ಮೇಲೆ ಒದ್ದೆ ಗೋಣಿ ಹೊದಿಸಿ, ಕಂಡಿಗೆ ತಗೊಂಡು ಹೋದೆ.”

ಕಂಡಿ ಎಂದರೆ ದಿಬ್ಬದ ನಡುವೆ ಎಲ್ಲೋ ಒಂದು ಕಡೆ ಇರುವ ತಗ್ಗು. ಆಚೆಯ ತಣ್ಣೀರು ಅದರಲ್ಲಿ ನುಗ್ಗಿ ಬರುತ್ತದೆ, ತಳ ಎಂದೂ ಕಾಯುವುದಿಲ್ಲ. ದಿಬ್ಬ ಅತ್ಯಂತ ತೆಳ್ಳಗಿರುವುದೂ ಅಲ್ಲೇ. ದಡದಿಂದ ನೋಡಿದರೆ ಬೇರೆ ಕಡೆಯಂತೆಯೇ ನೊರೆ. ದೊಡ್ಡಪ್ಪನಿಗೆ ಅವರಪ್ಪ ತೋರಿಸಿದ್ದ ಆ ಜಾಗವನ್ನು ಅವರು ಅದುವರೆಗೆ ಯಾರಿಗೂ ತೋರಿಸಿರಲಿಲ್ಲ. ದಫೇದಾರಮ್ಮನಿಗೂ.

“ಕಂಡಿಲಿ ಆಳ ಎಷ್ಟು?”

“ಇದೆ ಸ್ವಲ್ಪ.”

“ದೊಡ್ಡಪ್ಪಾ.”

“ಮೂರಾಳು. ಒಂದು ಸಲಕ್ಕೆ ಎರಡು ಸಸಿ. ಬಂಡೆ ಸಂದಿಗೆ ಒಂದೊಂದಾಗಿ ಸಿಕ್ಕಿಸಬೇಕಲ್ಲ.”

ನಲವತ್ತೆಂಟು ಸಸಿ. ಇಪ್ಪತ್ತನಾಲ್ಕು ಮುಳುಗು. ದಫೇದಾರಮ್ಮ ಅವರ ಎಡಗಿವಿಯ ಕಡೆ ನೋಡಿದರು. ಹೋದ ತಿಂಗಳು ಬಂದಾಗ ಆ ಕಿವಿ ಅಷ್ಟಿಷ್ಟು ಕೇಳುತ್ತಿತ್ತು. ಹತ್ತಿರ ಬಗ್ಗಿ, ಆ ಕಿವಿಗೇ ಸಣ್ಣಗೆ ಕರೆದರು. ದೊಡ್ಡಪ್ಪ ಬಲೆ ನೋಡುತ್ತಾ ಕೂತೇ ಇದ್ದರು.

ದಫೇದಾರಮ್ಮ ಮತ್ತೆ ಬಲಗಡೆಗೆ ಬಂದರು.

“ನಂಗಾದ್ರೂ ಹೇಳಬಾರದಿತ್ತಾ?”

“ನಿಂಗೆ ಹೇಳಿದ್ರೆ ನಿಮ್ಮ ದೊಡ್ಡಮ್ಮನಿಗೆ ಗೊತ್ತಾಗ್ತಿತ್ತು. ಇನ್ನು ಮುಳುಗಲ್ಲ ಅಂತ ಅವಳಿಗೆ ಮಾತು ಕೊಟ್ಟಿದೀನಿ. ಆಮೇಲೆ ಹೇಳೋಣ ಅಂತಿದ್ದೆ. ಗುರುವಾರ ಆದ ಮೇಲೆ.”

“ಗುರುವಾರ ಆದ ಮೇಲೆ ಹೇಳಿದ್ರೆ ಏನು ಬಂತು? ಚೌಕಟ್ಟು ಖಾಲಿ ನೋಡಿ ಒಡೀರಿ ಅಂತ ಬರೆದುಕೊಂಡು ಹೋಗಿರ್ತಿದ್ರು.”

ದೊಡ್ಡಪ್ಪನ ಕೈ ನಿಂತಿತು. ಆ ಮಾತು ಅವರಿಗೆ ಹೊಳೆದೇ ಇರಲಿಲ್ಲವೆಂದು ಮುಖದಲ್ಲಿ ಗೊತ್ತಾಗುತ್ತಿತ್ತು. ಹವಳ ಬದುಕಿದ್ದರೆ ಸಾಕು, ನೋಡಿದವರಿಗೆ ತಾನಾಗೇ ತಿಳಿಯುತ್ತದೆ ಎಂದು ನಂಬಿದ ಮನುಷ್ಯ.

“ಅದಕ್ಕೇ ನಾನು ದಾರ, ದಾರ ಅಂತ ಕೂಗಿ ಹೇಳಿದ್ದು,” ಎಂಬ ದನಿ ಬಾಗಿಲಿಂದ ಬಂತು. ದೊಡ್ಡಮ್ಮ ಎರಡು ಲೋಟ ಹಿಡಿದು ನಿಂತಿದ್ದರು. “ನೀನು ಬೇಗ ಹಿಡೀಲಿ ಅಂತ. ಮೂರು ದಿನ ತಗೊಂಡೆಯಲ್ಲೇ, ಏನು ಪೊಲೀಸೋ ಏನೋ.”

“ನಿಂಗೆ ಗೊತ್ತಿತ್ತಾ ದೊಡ್ಡಮ್ಮಾ?”

“ಇವರ ಚಡ್ಡಿ ಒಗೆಯೋಳು ಯಾರು? ದಡದಲ್ಲಿ ಕೂತು ಬಲೆ ಹೆಣೆಯೋರ ಚಡ್ಡಿ ಉಪ್ಪಿಗೆ ಹಲಗೆ ಹಾಗೆ ಸೆಟೆದುಕೊಳ್ಳುತ್ತಾ?”

ದೊಡ್ಡಪ್ಪ ಕೇಳಿಸದ ಕಿವಿಯನ್ನು ಹೆಂಡತಿಯ ಕಡೆ ತಿರುಗಿಸಿಕೊಂಡರು.

“ಆ ನಾಟಕ ಬೇಡ,” ಎಂದರು ದೊಡ್ಡಮ್ಮ, ಬಲಗಡೆಗೆ ಬಂದು. ಲೋಟ ಕೈಗಿಟ್ಟರು. “ಬೈಯೋದು ಆಮೇಲಿದೆ. ಮೊದಲು ಹೋಗಿ ಆ ಹುಡುಗಿಗೆ ತೋರಿಸಿ ಬನ್ನಿ. ದೋಣಿಲಿ ಕೂತೇ ತೋರಿಸಬೇಕು. ನೀರಿಗಿಳಿದ್ರೆ ಈ ಮನೆಗೆ ಬರೋ ಹಾಗಿಲ್ಲ.”

* * *

ಮೇಸ್ತ್ರಿಯ ದೋಣಿಯಲ್ಲಿ ನಾಲ್ಕು ಜನ. ಹಿಂದೆ ಇಂಜಿನ್ ಹಿಡಿದು ಮೇಸ್ತ್ರಿ, ನಡುವೆ ದಫೇದಾರಮ್ಮ, ಮುಂದೆ ಟೀಚರ್ ಮತ್ತು ದೊಡ್ಡಪ್ಪ.

ವಿಷಯ ತಿಳಿದ ಟೀಚರ್ ಗಾಜಿನ ಬಕೆಟ್ಟು ಎತ್ತಿಕೊಂಡು ಎಲ್ಲರಿಗಿಂತ ಮೊದಲು ದೋಣಿ ಹತ್ತಿದ್ದಳು. ದೋಣಿ ಹೊರಟ ಮೇಲೆ ತರಾಟೆ ಶುರುವಾಯಿತು.

“ಎರಡು ವರ್ಷ ಅಜ್ಜಾ. ನಾನು ಶನಿವಾರದಿಂದ ಹೇಗಿದೀನಿ ಅಂತ ನಿಮಗೆ ಗೊತ್ತಾ?”

“ಗೊತ್ತು. ಕಂಡಾಗೆಲ್ಲ ಬೇರೆ ದಾರಿಲಿ ಹೋದೆ.”

“ಸಾಗಿಸುವಾಗ ಒಂದು ಮುರಿದಿದ್ರೆ?”

“ಮುರೀಲಿಲ್ಲ. ಹೆರಿಗೆ ಕೋಣೆಯಿಂದ ಮಗು ಎತ್ತಿಕೊಂಡು ಬಂದ ಹಾಗೆ ತಂದಿದೀನಿ. ಬಿಸಿಲು ಬಿದ್ದಿದ್ದ ಮಗ್ಗುಲನ್ನ ಬಿಸಿಲಿಗೇ ಇಟ್ಟಿದೀನಿ. ಬೇಕಾದ್ರೆ ನೋಡು, ಆಮೇಲೆ ಹೊಡಿ.”

ದೊಡ್ಡಪ್ಪ ದಾರಿಯುದ್ದಕ್ಕೂ ಹೇಳುತ್ತಲೇ ಹೋದರು. ಯಾವ ಬಂಡೆಯಲ್ಲಿ ಯಾವ ಮೀನು ಮೊಟ್ಟೆಯಿಡುತ್ತದೆ, ಯಾವ ಸಂದಿಯಲ್ಲಿ ಏಡಿ ಚಿಪ್ಪು ಬದಲಿಸುತ್ತದೆ. “ನಾವು ಆಚೆ ಹೋಗಿ ಹಿಡಿಯೋ ಮೀನಿನ ಬಾಲ್ಯವೆಲ್ಲ ಇಲ್ಲಿ ಮಗಳೇ. ಈ ದಿಬ್ಬ ಇಲ್ಲದಿದ್ರೆ ಬಲೆಗೆ ನೀರು ಸಿಗುತ್ತೆ ಅಷ್ಟೇ. ಆಮೇಲೆ ಸಮುದ್ರ ನಮ್ಮ ಹಿತ್ತಲಿಗೆ ಬಂದು ಬಟ್ಟೆ ಒಗೆಯುತ್ತೆ.”

ದೋಣಿ ನಿಂತಿತು. ಸುತ್ತ ನೊರೆ, ನಡುವೆ ಒಂದಿಷ್ಟು ಕಡುನೀಲಿ ನೀರು. ದಫೇದಾರಮ್ಮ ಕೈ ಅದ್ದಿದರು. ತಣ್ಣಗಿತ್ತು.

ಟೀಚರ್ ಗಾಜಿನ ಬಕೆಟ್ಟನ್ನು ನೀರಿಗೊತ್ತಿ ಮುಖ ಇಟ್ಟಳು. ಎಣಿಕೆ ಬಕೆಟ್ಟಿನೊಳಗೆ ಗುಂಯ್ ಎಂದು ಕೇಳಿಸುತ್ತಿತ್ತು. ಮೂವತ್ತಕ್ಕೆ ದನಿ ನಡುಗಿತು. ನಲವತ್ತಕ್ಕೆ ಅಳು ಸೇರಿಕೊಂಡಿತು.

“ನಲವತ್ತೆಂಟು. ಅಜ್ಜಾ, ಬಣ್ಣ ವಾಪಸ್ ಬರ್ತಾ ಇದೆ. ತುದಿ ಎಲ್ಲ ಕಂದು ತಿರುಗಿದೆ.” ಅವಳು ಮುಖವೆತ್ತಿ, ಒದ್ದೆ ಕೆನ್ನೆಯನ್ನು ದೊಡ್ಡಪ್ಪನ ಹೆಗಲಿಗೆ ಒರೆಸಿಕೊಂಡಳು. “ಈ ದಿಬ್ಬದ ಮೇಲೆ ಎಲ್ಲಿ ಬದುಕಿದ್ರೂ ಎಣಿಕೆಗೆ ಸೇರುತ್ತೆ. ಗುರುವಾರ ಅವರನ್ನ ಇಲ್ಲಿಗೇ ಕರ್ಕೊಂಡು ಬರ್ತೀನಿ.”

“ನಾನು ಹೇಳ್ಲಿಲ್ವಾ,” ಎಂದರು ದೊಡ್ಡಪ್ಪ ಎಲ್ಲರಿಗೂ.

ಟೀಚರ್ ಇನ್ನೊಂದು ಸಲ ನೋಡುವ ಆಸೆಗೆ ಬಗ್ಗಿದಳು. ಈ ಸಲ ಎಣಿಸಲಿಲ್ಲ. ಅವಳ ಬೆನ್ನು ನಿಧಾನಕ್ಕೆ ಬಿಗಿಯಾಯಿತು.

“ಅಕ್ಕಾ. ಸಸಿಗಳ ಎರಡೂ ಕಡೆ ಹಳದಿ ಬಣ್ಣದ್ದು ಏನದು?”

ದಫೇದಾರಮ್ಮ ಬಕೆಟ್ ತೆಗೆದುಕೊಂಡರು. ಕಂಡಿಯ ತಳದಲ್ಲಿ ಎರಡು ಸಾಲು ಕಬ್ಬಿಣದ ಗೂಟಗಳು. ಹಳದಿ ಬಣ್ಣ ಬಳಿದು ನಂಬರು ಬರೆದಿದ್ದರು. ಬಣ್ಣದ ಮೇಲೆ ಇನ್ನೂ ಪಾಚಿ ಹಿಡಿದಿರಲಿಲ್ಲ. ಪ್ರತಿ ಗೂಟದ ಪಕ್ಕ ಬಂಡೆಯಲ್ಲಿ ಒಂದು ದುಂಡನೆಯ ತೂತು, ಅದರ ಬಾಯಿಗೆ ಹೊಡೆದ ಹೊಸ ಮರದ ಬೆಣೆ. ಎರಡು ಸಾಲಿನ ನಡುವೆ ನಲವತ್ತೆಂಟು ಸಸಿಗಳು.

ದೊಡ್ಡಪ್ಪ ನೋಡಿದರು.

“ಕಲ್ಲು ಒಡೆಯೋರು ತೂತು ಕೊರೆದು ಹೀಗೇ ಬೆಣೆ ಹೊಡೆದಿಡ್ತಾರೆ,” ಎಂದರು. “ಸಿಡಿಮದ್ದು ತುಂಬೋ ದಿನ ತೆಗೀತಾರೆ.”

“ಗುರುವಾರದ ಎಣಿಕೆನೇ ಆಗಿಲ್ಲ,” ಎಂದಳು ಟೀಚರ್. “ಅದಕ್ಕೂ ಮುಂಚೆ ಹೇಗೆ?”

“ನೀನು ಸಸಿ ಇಟ್ಟಾಗ ಇದಿತ್ತಾ ದೊಡ್ಡಪ್ಪಾ?”

“ಇರಲಿಲ್ಲ. ಶುಕ್ರವಾರ ಮಧ್ಯಾಹ್ನದವರೆಗೂ ಇರಲಿಲ್ಲ.”

“ಕಂಡಿ ಇಲ್ಲಿದೆ ಅಂತ ಬಂದರು ಕಚೇರಿಯವರಿಗೆ ಹೇಳಿದ್ಯಾರು? ಮುಳುಗೋರಿಗೆ ಮೇಲೆ ದೋಣಿ ಹಿಡಿಯೋಕೆ ಒಬ್ಬರು ಬೇಕೇ ಬೇಕು. ನಿನ್ನ ಜೊತೆ ಯಾರಿದ್ರು?”

ದೊಡ್ಡಪ್ಪ ಈ ಸಲ ಕಿವಿ ತಿರುಗಿಸಿಕೊಳ್ಳಲಿಲ್ಲ. ತಲೆ ತಗ್ಗಿಸಿದರು.

ಆಗ ದಫೇದಾರಮ್ಮನಿಗೆ ಒಂದು ವಿಷಯ ಹೊಳೆಯಿತು. ದಡದಿಂದ ಇಲ್ಲಿಯವರೆಗೆ ದೊಡ್ಡಪ್ಪ ಮೀನಿನ ವಿಷಯ ಹೇಳಿದ್ದರು, ಏಡಿಯ ವಿಷಯ ಹೇಳಿದ್ದರು. ಎಡಕ್ಕೆ ತಿರುಗಿಸು, ಬಲಕ್ಕೆ ತಿರುಗಿಸು ಎಂದು ಒಂದು ಸಲವೂ ಹೇಳಿರಲಿಲ್ಲ. ದೋಣಿ ಬಂಡೆಗಳ ನಡುವೆ ಬಳುಕುತ್ತಾ ಬಂದು, ತಾನಾಗಿ ಈ ನೀಲಿಯ ಮೇಲೆ ನಿಂತಿತ್ತು.

ಅವರು ಹಿಂದಕ್ಕೆ ತಿರುಗಿದರು. ಮೇಸ್ತ್ರಿ ಹೆಂಡತಿಯನ್ನು ನೋಡದೆ, ಮಡಿಲಲ್ಲಿದ್ದ ಟವೆಲನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಿದ್ದರು.

“ಮನೆಗೆ ಹೋಗಿ ಹೇಳ್ತೀನಿ,” ಎಂದರು.

ದಫೇದಾರಮ್ಮ ಕೈ ಚಾಚಿ ಇಂಜಿನ್ ಆರಿಸಿದರು.

“ಇಲ್ಲೇ ಹೇಳಿ.”